ಹನ್ನೊಂದು ರೇಸ್ ಗೆದ್ದರೂ ಪ್ರಶಸ್ತಿ ತಪ್ಪಿದ್ದೇಕೆ?

ಪ್ರಿಯ ಓದುಗರೇ,

ಬೈಕ್ ರೇಸಿಂಗ್‌ನ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೋಜಿಪಿಯಲ್ಲಿ 2024ರಲ್ಲಿ ಭಾನುವಾರದ 11 ರೇಸ್ ಗೆದ್ದ ಫ್ರಾನ್ಸೆಸ್ಕೊ ಬನ್ಯಾಯಾ ಎರಡನೆಯವರಾದರು, ಮೂರೇ ಗೆದ್ದ ಹೋರ್ಹೆ ಮಾರ್ಟಿನ್ ಚಾಂಪಿಯನ್ ಆದರು. ಹಾಗಿದ್ದರೆ ಯಾರು ಯಾವಾಗ ಬೀಳುತ್ತಾರೆ ಎಂಬ ಅದೃಷ್ಟದ ಮೇಲೆಯೇ ಎಲ್ಲ ನಿಂತಿದೆಯೇ ಎಂದು ಕೇಳಿದ್ದೀರಿ. ಬಿದ್ದ ಮೇಲೂ ಬೈಕ್ ಎತ್ತಿ ಓಡಿಸುವುದರಿಂದ ಏನು ಪ್ರಯೋಜನ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ.

ಬೀಳುವುದನ್ನು ಅದೃಷ್ಟದ ಖಾತೆಗೆ ಬರೆಯಲು ನಮಗೆ ಮನಸ್ಸಿಲ್ಲ. ಎದುರಾಳಿ ಹತ್ತಿರವಿದ್ದಷ್ಟೂ ಬೀಳುವ ಸಂಭವ ಹೆಚ್ಚು. ಅದಕ್ಕೆ ಕಾರಣ ಮುಂದಿನ ಟೈರಿನಲ್ಲಿದೆ, ಅಂಕಗಳ ಲೆಕ್ಕದಲ್ಲೂ ಇದೆ.

ಮೊದಲು ಟೈರ್. ಇನ್ನೊಂದು ಬೈಕಿನ ಬೆನ್ನಿಗೆ ಅಂಟಿಕೊಂಡು ಓಡುವಾಗ ಮುಂದಿನ ಚಕ್ರಕ್ಕೆ ತಂಪು ಗಾಳಿ ಸಿಗುವುದಿಲ್ಲ. ಎದುರಿನ ಬೈಕಿನ ಎಂಜಿನ್ ಮತ್ತು ಸೈಲೆನ್ಸರಿನ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ, ಬ್ರೇಕ್ ಡಿಸ್ಕಿನ ಶಾಖ ರಿಮ್ಮಿಗೆ ಇಳಿಯುತ್ತದೆ. ಒಳಗಿನ ಒತ್ತಡ ಏರಿ ಟೈರ್ ಉಬ್ಬಿದಾಗ ರಸ್ತೆಗೆ ತಾಗುವ ಭಾಗ ಕಿರಿದಾಗುತ್ತದೆ. ಜೋರಾಗಿ ಬ್ರೇಕ್ ಹಿಡಿದು ಬೈಕನ್ನು ಮಲಗಿಸುವ ಹೊತ್ತಿಗೆ ಹಿಡಿತ ತಪ್ಪಿ ಮುಂಚಕ್ರ ಜಾರುತ್ತದೆ. ಸಾಲದ್ದಕ್ಕೆ, ಮುಂದಿನವನ ಗಾಳಿಮರೆಯಲ್ಲಿ ಬಂದವನ ವೇಗವೂ ಹೆಚ್ಚಿರುತ್ತದೆ, ಎದುರುಗಾಳಿಯ ತಡೆಯೂ ಇರುವುದಿಲ್ಲ. ಅವನು ಎಂದಿಗಿಂತ ತುಸು ಮೊದಲೇ ಬ್ರೇಕ್ ಹಿಡಿಯಬೇಕು. ಆದರೆ ಓವರ್‌ಟೇಕ್ ಮಾಡಬೇಕೆಂದವನು ಇನ್ನೂ ತಡಮಾಡಿ ಹಿಡಿಯುತ್ತಾನೆ.

ಇದಕ್ಕೆ ನಿಯಮದ ಕಟ್ಟೂ ಸೇರಿದೆ. 2024ರಲ್ಲಿ ಮುಂದಿನ ಟೈರಿನ ಒತ್ತಡ ಕನಿಷ್ಠ 1.80 ಬಾರ್ ಇರಬೇಕು, ಭಾನುವಾರದ ಮುಖ್ಯ ರೇಸಿನ ಶೇ 60ರಷ್ಟು ಸುತ್ತುಗಳಲ್ಲಿ ಅದಕ್ಕಿಂತ ಕೆಳಗಿಳಿದಿರಬಾರದು, ತಪ್ಪಿದರೆ ಸಮಯಕ್ಕೆ 16 ಸೆಕೆಂಡ್ ಸೇರಿಸಲಾಗುತ್ತಿತ್ತು. ಹಾಗಾಗಿ ಸವಾರ ಒಂಟಿಯಾಗಿ ಮುಂದೆ ಹೋಗುತ್ತಾನೋ, ಗುಂಪಿನಲ್ಲಿ ಸಿಕ್ಕಿಬೀಳುತ್ತಾನೋ ಎಂದು ತಂಡದವರು ಸ್ಟಾರ್ಟಿನ ಸಾಲಾದ ಗ್ರಿಡ್‌ಗೆ ಬರುವ ಮೊದಲೇ ಊಹಿಸಿ ಗಾಳಿ ತುಂಬಬೇಕು. ಒಂಟಿ ಓಟಕ್ಕೆಂದು ಹೆಚ್ಚು ಗಾಳಿ ತುಂಬಿಸಿಕೊಂಡವನು ಸ್ಟಾರ್ಟಿನಲ್ಲಿ ಹಿಂದೆ ಬಿದ್ದರೆ ಅವನ ಅರ್ಧ ರೇಸ್ ಅಲ್ಲಿಗೇ ಕೆಟ್ಟಂತೆ.

ಇನ್ನು ಅಂಕಗಳು. ಗೆದ್ದವರಿಗೆ 25, ಎರಡನೆಯವರಿಗೆ 20. ಪ್ರಶಸ್ತಿಯ ಪೈಪೋಟಿಯಲ್ಲಿಲ್ಲದ ಸವಾರನ ಹಿಂದೆ ನೀವು ಎರಡನೆಯವರಾಗಿದ್ದೀರಿ ಎನ್ನಿ. ಹಿಂದಿಕ್ಕಿದರೆ 5 ಅಂಕ ಲಾಭ, ಬಿದ್ದರೆ 20 ನಷ್ಟ. ಐದರಲ್ಲಿ ನಾಲ್ಕು ಸಲವಾದರೂ ಸಫಲವಾಗದ ಸಾಹಸ ನಷ್ಟದ್ದೇ. ಮುಂದಿರುವವನು ಪ್ರಶಸ್ತಿಯ ಎದುರಾಳಿಯೇ ಆದರೆ ಲೆಕ್ಕ ಬದಲಾಗುತ್ತದೆ. ಹಿಂದಿಕ್ಕಿದರೆ ನಿಮಗೆ 5 ಹೆಚ್ಚು, ಅವನಿಗೆ 5 ಕಡಿಮೆ, ಒಟ್ಟು 10 ಅಂಕಗಳ ವ್ಯತ್ಯಾಸ. ಬಿದ್ದರೆ ನಷ್ಟ ಅದೇ 20. ಈಗ ಮೂರರಲ್ಲಿ ಎರಡು ಸಲ ಸಫಲವಾದರೂ ನಷ್ಟವಿಲ್ಲ. ಬದ್ಧ ಎದುರಾಳಿಗಳು ಒಬ್ಬರ ಮೇಲೊಬ್ಬರು ನುಗ್ಗುವುದನ್ನು ಬರೀ ಹಗೆತನ ಎಂದುಕೊಳ್ಳಬೇಡಿ. ಅದರಲ್ಲಿ ಲೆಕ್ಕಾಚಾರವೂ ಇದೆ.

ಬನ್ಯಾಯಾ ಎಡವಿದ್ದು ಬೇರೆ ಕಡೆ. ಸ್ಪೇನಿನ ಅರಗಾನ್‌ನಲ್ಲಿ ಅವರು ಮೂರನೇ ಸ್ಥಾನಕ್ಕಾಗಿ ಸೆಣಸಿದ್ದು ಅಲೆಕ್ಸ್ ಮಾರ್ಕೆಜ್ ಜೊತೆ. ಮಾರ್ಟಿನ್ ಆಗಲೇ ಮುಂದಿದ್ದರು. ಇಬ್ಬರೂ ಡಿಕ್ಕಿಯಾಗಿ ಬಿದ್ದರು, ಬನ್ಯಾಯಾಗೆ ಸೊನ್ನೆ. ವರ್ಷದ ಕೊನೆಗೆ ಮಾರ್ಟಿನ್ 508, ಬನ್ಯಾಯಾ 498. ಉಳಿದದ್ದೆಲ್ಲ ಹಾಗೆಯೇ ಇದ್ದು, ಅಂದು ನಾಲ್ಕನೇ ಸ್ಥಾನದ 13 ಅಂಕಗಳಿಗೆ ತೃಪ್ತಿಪಟ್ಟಿದ್ದರೆ 511 ಆಗುತ್ತಿತ್ತು! ಹಾಗೆಂದು ಮಾರ್ಟಿನ್ ಬೀಳಲಿಲ್ಲವೆಂದಲ್ಲ. ಜರ್ಮನಿಯ ಸಾಕ್ಸನ್‌ರಿಂಗ್‌ನಲ್ಲಿ ಮುಂಚೂಣಿಯಲ್ಲಿದ್ದ ಅವರು ಕೊನೆಯಿಂದ ಎರಡನೇ ಸುತ್ತಿನಲ್ಲಿ, ಬನ್ಯಾಯಾ ಬೆನ್ನಟ್ಟಿದ್ದಾಗ, ಮೊದಲ ತಿರುವಿನಲ್ಲೇ ಜಾರಿದರು. ಒಂದು ಕ್ಷಣದಲ್ಲಿ 30 ಅಂಕಗಳ ಏರುಪೇರು.

ಸ್ಪರ್ಶ ಎಷ್ಟು ಹಗುರವಾಗಿದ್ದರೂ ಸಾಕು ಎಂಬುದಕ್ಕೆ 2013ರ ಅರಗಾನ್ ನೋಡಿ. ಹಿಂದಿನಿಂದ ಬಂದ ಮಾರ್ಕ್ ಮಾರ್ಕೆಜ್ ತಮ್ಮದೇ ತಂಡದ ಡಾನಿ ಪೆಡ್ರೊಸಾ ಅವರ ಬೈಕಿಗೆ ತುಸುವೇ ತಾಗಿದರು, ಅಷ್ಟಕ್ಕೇ ಹಿಂಚಕ್ರದ ವೇಗ ಅಳೆಯುವ ಸೆನ್ಸರಿನ ತಂತಿ ತುಂಡಾಯಿತು. ಹಿಂಚಕ್ರದ ವೇಗ ತಿಳಿಯದೆ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕೈಕೊಟ್ಟಿತು. ಪೆಡ್ರೊಸಾ ಥ್ರಾಟಲ್ ತಿರುವಿದೊಡನೆ ಹಿಂಚಕ್ರ ಜಾರಿ, ಥಟ್ಟನೆ ಹಿಡಿತ ಸಿಕ್ಕಿ, ಬೈಕ್ ಅವರನ್ನು ಮೇಲಕ್ಕೆ ಎಸೆಯಿತು. ಇದೇ ಹೈಸೈಡ್, ಮೂಳೆ ಮುರಿಯುವ ಬಗೆಯ ಬೀಳುವಿಕೆ. ರೇಸ್ ಗೆದ್ದ ಮಾರ್ಕೆಜ್ ಆ ವರ್ಷ ಚಾಂಪಿಯನ್ ಆದದ್ದು ನಾಲ್ಕೇ ಅಂಕಗಳಿಂದ.

ಬಿದ್ದವರು ಎದ್ದು ಓಡುವ ವಿಚಾರ. ಮುಖ್ಯ ರೇಸಿನಲ್ಲಿ ಮೊದಲ 15 ಮಂದಿಗೆ ಅಂಕ ಉಂಟು. ಬೈಕ್ ಮಗ್ಗುಲಿಗೆ ಜಾರಿ ಬಿದ್ದಿದ್ದು, ಹ್ಯಾಂಡಲ್, ಲಿವರ್, ಕಾಲಿಡುವ ಪೆಗ್ ಉಳಿದಿದ್ದರೆ ಓಡಿಸಬೇಕು. ಶನಿವಾರದ ಕಿರು ರೇಸ್ ಆದ ಸ್ಪ್ರಿಂಟ್‌ನಲ್ಲಿ ಒಂಬತ್ತೇ ಮಂದಿಗೆ ಅಂಕ, ಓಟವೂ ಅರ್ಧ ದೂರದ್ದು, ಅಲ್ಲಿ ಎದ್ದರೂ ಫಲ ಕಡಿಮೆ. 2006ರ ಕೊನೆಯ ರೇಸ್ ಆದ ವೆಲೆನ್ಸಿಯಾದಲ್ಲಿ ವ್ಯಾಲೆಂಟಿನೊ ರೊಸ್ಸಿ ಬಿದ್ದೆದ್ದು 13ನೆಯವರಾಗಿ 3 ಅಂಕ ಪಡೆದರು, ಆದರೂ ನಿಕಿ ಹೇಡನ್‌ಗೆ 252-247 ಅಂಕಗಳಲ್ಲಿ ಪ್ರಶಸ್ತಿ ಸೋತರು. ನೆನಪಿಡಬೇಕಾದ ರೇಸ್ ಅದರ ಹಿಂದಿನದು. ಎಸ್ಟೋರಿಲ್‌ನಲ್ಲಿ ಪೆಡ್ರೊಸಾ ಜಾರಿ ಸಹಸವಾರ ಹೇಡನ್‌ರನ್ನೂ ಬೀಳಿಸಿದ್ದರು. ಆ ಕಾಣಿಕೆ ಸಿಕ್ಕಿದ್ದರೂ ರೊಸ್ಸಿ 0.002 ಸೆಕೆಂಡಿನಿಂದ ಟೋನಿ ಎಲಿಯಾಸ್‌ಗೆ ಸೋತು 5 ಅಂಕ ಬಿಟ್ಟರು. ಅವು ಇದ್ದಿದ್ದರೆ ಇಬ್ಬರಿಗೂ ಸಮ ಅಂಕ, ಹೆಚ್ಚು ರೇಸ್ ಗೆದ್ದಿದ್ದ ರೊಸ್ಸಿಗೇ ಪ್ರಶಸ್ತಿ.

ಮುಂದಿನ ಸಲ ರೇಸ್ ನೋಡುವಾಗ ಎರಡನೆಯವನ ಮೇಲೆ ಕಣ್ಣಿಡಿ. ನೇರ ರಸ್ತೆಯಲ್ಲಿ ಅವನು ಮುಂದಿನವನ ಹಿಂದಿನಿಂದ ಪಕ್ಕಕ್ಕೆ ಸರಿದರೆ, ಅಥವಾ ಒಂದೆರಡು ಸುತ್ತು ಬೇಕೆಂದೇ ಹಿಂದೆ ಉಳಿದರೆ, ದಣಿದಿದ್ದಾನೆ ಎಂದುಕೊಳ್ಳಬೇಡಿ. ಬಹುಪಾಲು ಸಲ ಟೈರ್ ತಣಿಸುತ್ತಿರುತ್ತಾನೆ, ಕೊನೆಯ ಸುತ್ತುಗಳಲ್ಲಿ ಮತ್ತೆ ಬರುತ್ತಾನೆ.

— ಸಂಪಾದಕ