ಓದುಗರ ಪ್ರಶ್ನೆ: ತಪ್ಪನ್ನು ತಪ್ಪು ಎಂದರೆ ಜೊತೆಯವರು ದೂರವಾಗುತ್ತಾರೆಯೇ?

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಐದು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ವಹಿಸಿದ ಕೆಲಸವನ್ನು ಹೇಳಿದ ದಿನಕ್ಕೆ ಮುಗಿಸುತ್ತೇನೆ. ಜೊತೆಯವರ ಕೋಡ್ ರಿವ್ಯೂ (ಅವರು ಬರೆದ ಪ್ರೋಗ್ರಾಮಿನ ಪರಿಶೀಲನೆ) ಮಾಡುವಾಗ ಒಂದು ಸಾಲನ್ನೂ ಬಿಡದೆ ಓದುತ್ತೇನೆ. ಆದರೂ ಈ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನಾನು ತಂಡದೊಡನೆ ಹೊಂದಿಕೊಂಡು ಹೋಗುವುದಿಲ್ಲ ಎಂದು ಬರೆದಿದ್ದಾರೆ. ಹೊಸಬರು ತಮ್ಮ ಕೋಡನ್ನು ನನಗೆ ಕಳುಹಿಸುವುದನ್ನೇ ಬಿಟ್ಟಿದ್ದಾರೆ. ಊಟಕ್ಕೆ ಹೊರಡುವಾಗ ಯಾರೂ ಕರೆಯುವುದಿಲ್ಲ. ತಪ್ಪನ್ನು ತಪ್ಪು ಎನ್ನುವುದು ಅಪರಾಧವೇ? ಎಲ್ಲರನ್ನೂ ಹೊಗಳಿಕೊಂಡು ಇರಬೇಕೇ, ಇಲ್ಲವೇ ಬೇರೆ ಕಂಪನಿ ನೋಡಿಕೊಳ್ಳಲೇ?
— ಓದುಗ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡದ್ದು ಹೊಸಬರು ನಿಮಗೆ ಕೋಡ್ ಕಳುಹಿಸುವುದನ್ನು ಬಿಟ್ಟಿದ್ದಾರೆ ಎಂಬ ಮಾತು. ಊಟಕ್ಕೆ ಕರೆಯದಿದ್ದರೆ ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೆ ಅರ್ಧ ಬರೆದ, ತಪ್ಪಿರಬಹುದಾದ ಕೋಡನ್ನು ನಿಮ್ಮ ಮುಂದೆ ಇಡಲು ಒಬ್ಬರು ಹೆದರತೊಡಗಿದರೆ, ನಿಮ್ಮ ಐದು ವರ್ಷಗಳ ಅನುಭವ ತಂಡಕ್ಕೆ ಸಿಗುವುದೇ ನಿಂತುಹೋಗುತ್ತದೆ. ನಮ್ಮ ವೃತ್ತಿಯಲ್ಲಿ ಒಬ್ಬರು ಎಲ್ಲರಿಗೂ ಬೇಕಾದವರಾಗುವುದು ಇಲ್ಲಿಯೇ: ತನಗೆ ಗೊತ್ತಿಲ್ಲದ್ದನ್ನು, ತನ್ನಿಂದ ಕೆಟ್ಟದ್ದನ್ನು ಇವರ ಹತ್ತಿರ ಸಂಕೋಚವಿಲ್ಲದೆ ಹೇಳಬಹುದು ಎಂದು ಜೊತೆಯವರಿಗೆ ಅನ್ನಿಸಬೇಕು.

ತಪ್ಪನ್ನು ಹೇಳಲೇಬೇಕು. ಆದರೆ ಹೇಳುವ ರೀತಿಯನ್ನು ಒಂದು ಉದಾಹರಣೆಯಿಂದ ನೋಡೋಣ. ಹೊಸಬರೊಬ್ಬರು ಗ್ರಾಹಕರ ಪಟ್ಟಿಯನ್ನು ತಂದು, ಲೂಪಿನೊಳಗೆ (ಮತ್ತೆ ಮತ್ತೆ ನಡೆಯುವ ಕೋಡಿನ ಭಾಗದಲ್ಲಿ) ಪ್ರತಿಯೊಬ್ಬ ಗ್ರಾಹಕರ ಆರ್ಡರ್‌ಗಳಿಗಾಗಿ ಡೇಟಾಬೇಸಿಗೆ ಒಂದೊಂದು ಕ್ವೆರಿ, ಅಂದರೆ ಮಾಹಿತಿಯ ಕೋರಿಕೆ, ಕಳುಹಿಸಿದ್ದಾರೆ ಎಂದುಕೊಳ್ಳಿ. ‘ಇದು ತಪ್ಪು, ಬದಲಿಸಿ’ ಎಂದು ಬರೆದರೆ ಅವರು ಬದಲಿಸುತ್ತಾರೆ, ಏಕೆ ಎಂದು ತಿಳಿಯದೆ ಮುಂದಿನ ವಾರ ಅದೇ ತಪ್ಪನ್ನು ಬೇರೆ ಫೈಲಿನಲ್ಲಿ ಮಾಡುತ್ತಾರೆ. ‘ಪಟ್ಟಿಯಲ್ಲಿ 1,000 ಗ್ರಾಹಕರಿದ್ದರೆ ಇಲ್ಲಿ ಪಟ್ಟಿ ತರುವ ಕ್ವೆರಿಯೂ ಸೇರಿ 1,001 ಕ್ವೆರಿಗಳಾಗುತ್ತವೆ. ಎಲ್ಲರ ಆರ್ಡರ್‌ಗಳನ್ನು ಲೂಪಿನ ಹೊರಗೆ ಒಂದೇ ಕ್ವೆರಿಯಲ್ಲಿ ತರಲು ಸಾಧ್ಯವೇ?’ ಎಂದು ಬರೆದು ನೋಡಿ. ಇದರಲ್ಲಿ ಹೊಗಳಿಕೆಯಿಲ್ಲ, ಗುಣಮಟ್ಟದಲ್ಲಿ ರಿಯಾಯಿತಿಯೂ ಇಲ್ಲ. ಕಾರಣವಿದೆ, ಲೆಕ್ಕವಿದೆ, ಅವರು ಯೋಚಿಸಿ ಉತ್ತರಿಸಲು ಅವಕಾಶವೂ ಇದೆ. ಕೆಲವೊಮ್ಮೆ ಆ ಪಟ್ಟಿ ಎಂದಿಗೂ ಹತ್ತನ್ನು ದಾಟುವುದಿಲ್ಲ ಎಂಬ ಉತ್ತರ ಬಂದು, ತಿಳಿಯದೇ ಇದ್ದವರು ನಾವೇ ಎಂದು ಗೊತ್ತಾಗುತ್ತದೆ. ವೇರಿಯಬಲ್ ಹೆಸರು, ಖಾಲಿ ಸಾಲುಗಳಂತಹ ರುಚಿಭೇದಗಳನ್ನು ಕೋಡಿನ ಶೈಲಿಯನ್ನು ತಾವೇ ಪರೀಕ್ಷಿಸಿ ತಿದ್ದುವ ಫಾರ್ಮ್ಯಾಟರ್, ಲಿಂಟರ್ ಎಂಬ ಸಾಧನಗಳಿಗೆ ಬಿಟ್ಟುಬಿಡಿ. ಒಂದೇ ರಿವ್ಯೂನಲ್ಲಿ ನಲವತ್ತು ಟಿಪ್ಪಣಿಗಳಿದ್ದರೆ ಅವುಗಳಲ್ಲಿ ಮುಖ್ಯವಾದ ಮೂರು ಮುಳುಗಿಹೋಗುತ್ತವೆ.

ತಾಂತ್ರಿಕವಾಗಿ ಸರಿಯಿದ್ದರೆ ಮಾತು ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಕ್ಷೇತ್ರದಲ್ಲಿ ಬಹುಕಾಲ ಇತ್ತು. ಲಿನಕ್ಸ್ ಕರ್ನಲ್ಲನ್ನು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಇಮೇಲುಗಳ ಬಿರುನುಡಿಗೆ ಹೆಸರಾಗಿದ್ದವರು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಅದಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರ ಕರ್ನಲ್ ಕೆಲಸದಿಂದ ದೂರ ಉಳಿದು ಮರಳಿದರು. ಹಾಗೆಂದು ಕಳಪೆ ಕೋಡನ್ನು ಒಪ್ಪಿಕೊಳ್ಳುವ ಮಾತು ಬರಲಿಲ್ಲ. ಅಷ್ಟು ದೊಡ್ಡ ಪರಿಣತರು ತಮ್ಮ ನುಡಿಯನ್ನು ತಿದ್ದಿಕೊಳ್ಳಲು ಮುಂದಾದುದನ್ನು ನಾನು ಗೌರವದಿಂದ ನೆನೆಯುತ್ತೇನೆ, ಏಕೆಂದರೆ ನಾನೂ ಅದನ್ನು ತಡವಾಗಿಯೇ ಕಲಿತವನು.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬಿಲ್ಡ್ (ಎಲ್ಲರ ಕೋಡನ್ನು ಸೇರಿಸಿ ತಂತ್ರಾಂಶವಾಗಿಸುವ ಪ್ರಕ್ರಿಯೆ) ಮುರಿದ ಒಂದು ಬೆಳಿಗ್ಗೆ, ಅದಕ್ಕೆ ಕಾರಣರಾದ ಕಿರಿಯ ಸಹೋದ್ಯೋಗಿಯ ಹೆಸರನ್ನು ಇಡೀ ತಂಡಕ್ಕೆ ಇಮೇಲ್ ಮಾಡಿದ್ದೆ. ಬಿಲ್ಡ್ ಅರ್ಧ ಗಂಟೆಯಲ್ಲಿ ಸರಿಹೋಯಿತು. ಆ ಹುಡುಗ ಮಾತ್ರ ನನ್ನೊಡನೆ ಮಾತು ಕಡಿಮೆ ಮಾಡಿದ. ಕೆಲವು ವಾರಗಳ ನಂತರ ನಾನು ಬರೆದ ಬಡ್ಡಿ ಲೆಕ್ಕದ ಕೋಡಿನಲ್ಲಿ ದೋಷವಿರುವುದು ಗ್ರಾಹಕರಿಂದ ತಿಳಿಯಿತು. ಅದನ್ನು ಮೊದಲೇ ಗಮನಿಸಿದ್ದ ಅವನು, ಹೇಳಿದರೆ ನಾನು ಏನೆನ್ನುತ್ತೇನೋ ಎಂದು ಸುಮ್ಮನಿದ್ದನಂತೆ. ಆ ಸಂಜೆ ಅವನ ಮೇಜಿನ ಬಳಿ ಹೋಗಿ ಕ್ಷಮೆ ಕೇಳಿದೆ. ಅವನು ತಲೆಯೆತ್ತದೆ ‘ಪರವಾಗಿಲ್ಲ ಸರ್’ ಎಂದದ್ದು ಇಂದಿಗೂ ನೆನಪಿದೆ.

ಇದಕ್ಕೆ ವಿರುದ್ಧವಾದ ನಡೆಯನ್ನು, ಕೋಡನ್ನು ಸಂಗ್ರಹಿಸಿ ಹಂಚಿಕೊಳ್ಳುವ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆ ತೋರಿಸಿಕೊಟ್ಟಿದೆ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಅಳಿಸುವ ಆಜ್ಞೆಯನ್ನು ತಪ್ಪಾದ ಸರ್ವರ್‌ನಲ್ಲಿ ಕೊಟ್ಟಿದ್ದರಿಂದ ಸುಮಾರು 300 ಜಿಬಿ ಡೇಟಾ ಕ್ಷಣಗಳಲ್ಲಿ ಹೋಯಿತು. ಅದರಲ್ಲಿ ಸುಮಾರು ಆರು ಗಂಟೆಗಳ ಮಾಹಿತಿ ಮರಳಿ ಸಿಗಲೇ ಇಲ್ಲ. ಸಂಸ್ಥೆ ಪ್ರಕಟಿಸಿದ ವರದಿಯಲ್ಲಿ ಅಳಿಸಿದವರ ಹೆಸರಿರಲಿಲ್ಲ. ಬ್ಯಾಕಪ್ ಏಕೆ ಆಗುತ್ತಿರಲಿಲ್ಲ, ಅದು ವಿಫಲವಾದ ಸೂಚನೆಯ ಇಮೇಲ್ ಏಕೆ ಯಾರಿಗೂ ತಲುಪಲಿಲ್ಲ ಎಂಬ ವಿವರವಿತ್ತು. ಯಾರು ಮಾಡಿದರು ಎಂದು ಹುಡುಕುತ್ತ ಕುಳಿತಿದ್ದರೆ ಆ ಇಮೇಲಿನ ಸಂಗತಿ ಹೊರಬರುತ್ತಿತ್ತೇ ಎಂಬುದು ನನ್ನ ಅನುಮಾನ.

ಹೊಗಳಿಕೊಂಡು ಇರಬೇಕೇ ಎಂದು ಕೇಳಿದ್ದೀರಿ. ಸುಳ್ಳು ಹೊಗಳಿಕೆ ಖಂಡಿತ ಬೇಡ, ಅದು ಬೇಗ ಬಯಲಾಗುತ್ತದೆ. ಆದರೆ ಇನ್ನೊಬ್ಬರು ಬರೆದ ಟೆಸ್ಟ್‌ನಿಂದ ನಿಮ್ಮ ಬಗ್ ಸಿಕ್ಕಿದ್ದರೆ, ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ತಂಡದ ಚಿಕ್ಕ ಸಭೆಯಲ್ಲಿ) ಅವರ ಹೆಸರು ಹೇಳಿ. ನಿಮ್ಮ ಪುಲ್ ರಿಕ್ವೆಸ್ಟ್ (ರಿವ್ಯೂಗಾಗಿ ಕಳುಹಿಸುವ ಕೋಡ್ ಬದಲಾವಣೆ) ಶುಕ್ರವಾರ ಸಂಜೆ ಸಾವಿರಾರು ಸಾಲುಗಳಷ್ಟು ದೊಡ್ಡದಾಗಿ ಬರುತ್ತಿದ್ದರೆ, ಅದನ್ನು ಒಮ್ಮೆ ಕುಳಿತು ಓದಿ ಮುಗಿಸಬಹುದಾದಷ್ಟು ಚಿಕ್ಕ ಭಾಗಗಳಾಗಿ ಒಡೆಯಿರಿ.

ಬೇರೆ ಕಂಪನಿಯ ವಿಚಾರವನ್ನು ಸದ್ಯಕ್ಕೆ ಬದಿಗಿಡಿ, ಏಕೆಂದರೆ ರಿವ್ಯೂ ಬರೆಯುವ ಈ ಅಭ್ಯಾಸವೂ ನಿಮ್ಮೊಡನೆ ಅಲ್ಲಿಗೆ ಬರುತ್ತದೆ. ನಿಮ್ಮ ಹಿಂದಿನ ಹತ್ತು ರಿವ್ಯೂಗಳನ್ನು ತೆರೆದು, ಅವು ನಿಮಗೇ ಬಂದಿದ್ದರೆ ಹೇಗನ್ನಿಸುತ್ತಿತ್ತು ಎಂದು ಓದಿ ನೋಡಿ. ಆಮೇಲೆ ಆ ಹೊಸಬರಲ್ಲಿ ಒಬ್ಬರ ಬಳಿ ಹೋಗಿ, ನಿಮಗೆ ನಿಜವಾಗಿಯೂ ಬಿಡಿಸಲಾಗದ ಒಂದು ಸಮಸ್ಯೆಯನ್ನು ತೋರಿಸಿ, ‘ಇದನ್ನು ನನ್ನ ಜೊತೆ ಸ್ವಲ್ಪ ನೋಡುತ್ತೀರಾ?’ ಎಂದು ಕೇಳಿ.