ನಿಜಾಮನ ಕಾಲದ್ದು ಏನು ಉಳಿದೈತಿ ಅಂತ ಕೇಳಿದ ದೋಸ್ತಗ

ಬರ್ಲಿನ್ ಗೋಡೆ ತುಂಡಿನ ಮುಂದ ನಿಂತು ಫೋಟೋ ಕಳಿಸಿ "ನೋಡು, ಇವರು ಹೇಗೆ ಇತಿಹಾಸ ಉಳಿಸ್ಕೊಂಡಿದ್ದಾರೆ, ನಿಮ್ಮ ಕೊಪ್ಪಳದಲ್ಲಿ ನಿಜಾಮನ ಕಾಲದ್ದು ಏನಾದ್ರೂ ಇದೆಯಾ" ಅಂತ ಕೇಳಿದ್ಯಲ್ಲ. ಐತಪ್ಪ, ತುಂಗಭದ್ರಾ ಡ್ಯಾಮು. ಹಂಪಿ ನೋಡಾಕ ಬಂದಾಗ ಅದರ ಮುಂದ ನಿಂತು ನೀನೂ ಸೆಲ್ಫಿ ತಗೊಂಡು ಹೋಗೀದಿ.

ಅವರ ಗೋಡಿ 1961ರಾಗ ಎದ್ದು 1989ರಾಗ ಬಿತ್ತು, ತುಂಡು ತುಂಡು ಮಾಡಿ ದೇಶದೇಶಕ್ಕ ಕೊಟ್ರು. ನಮಗ ಹೊಳೀನ ಗಡಿ ಆಗಿತ್ತು. ಈ ದಂಡಿ ಮುನಿರಾಬಾದ್ ಹೈದರಾಬಾದ್ ಸಂಸ್ಥಾನ, ಆ ದಂಡಿ ಹೊಸಪೇಟೆ ಮದ್ರಾಸ್ ಪ್ರಾಂತ. ತುಂಗಭದ್ರಾ ಡ್ಯಾಮಿಗೆ 1945 ಫೆಬ್ರವರಿ 28ಕ್ಕ ಅಡಿಗಲ್ಲು ಹಾಕಿದಾಗ ಈ ಕಡೆ ನಿಜಾಮನ ಮಗ ಬೇರಾರ್ ಪ್ರಿನ್ಸ್, ಆ ಕಡೆ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಒಂದ ಡ್ಯಾಮು, ಎರಡು ಅಡಿಗಲ್ಲು! ಹೊಸಪೇಟೆಯವ್ರು ಬಳ್ಳಾರಿ ಜೋಡಿ 1953ಕ್ಕ ಮೈಸೂರು ಸೇರಿದ್ರು, ನಾವು 1956ರ ತನಕ ಈ ದಂಡ್ಯಾಗ ಕುಂತು ನೋಡಿದ್ವಿ. ಈಗ ಗೇಟ್ ತೆಗೆದ್ರ ಸಾಕು ಜಾತ್ರಿ ಹಂಗ ಮಂದಿ ಬರ್ತಾರ, ನಟ್ಟನಡುವ ಗಡಿ ಹಾದು ಹೋಗಿತ್ತು ಅಂತ ಯಾರಿಗೂ ನೆನಪಿಲ್ಲ. ಇರಲಿ.

ಆದ್ರ ಆ ಗಡಿ ಇನ್ನೂ ಗಟ್ಟಿಯಾಗಿ ನಿಂತಿರೋದು ನಮ್ಮ ಹೊಲದ ಕಾಗದದಾಗ. ಅಜ್ಜನ ಕಾಲದ ದಾಖಲೆ ಎಲ್ಲಾ ಉರ್ದು, ಹಾಳಿ ಮುಟ್ಟಿದ್ರ ಮಡಚಿದ ಗೆರಿಗುಂಟ ಹರೀತಾವ, ಮ್ಯಾಲೆ ನಿಜಾಮ ಸರ್ಕಾರದ ಮೊಹರು, ಕೆಳಗ ಅಜ್ಜನ ಹೆಬ್ಬೆಟ್ಟು. ತಾರೀಖು ಫಸಲಿ, ಅಂದ್ರ ನಿಜಾಮನ ಕಾಲದ ಕಂದಾಯದ ವರ್ಷದ ಲೆಕ್ಕ. 1350 ಅಂತಿದ್ರ 590 ಕೂಡಿಸಿ 1940-41 ಅಂತ ತಿಳ್ಕೋಬೇಕು. ಇದನ್ನ ಓದೋರು ಊರಾಗ ಒಬ್ಬರ ಮುದುಕರು, ಅವರು ಭೂತಗನ್ನಡಿ ಹಿಡಿದು ಒಂದೊಂದ ಸಾಲು ಓದಿ ಹೇಳ್ತಾರ, ನಾನು ಬರ್ಕೊಂತೀನಿ, ಆಫೀಸಿಗೆ ಒಯ್ದ್ರ ಭಾಷಾಂತರಕ್ಕ ಸಹಿ ಸಿಕ್ಕಾ ಯಾರದ್ದು ಅಂತಾರ, ಸಹಿ ಸಿಕ್ಕಾ ಮಾಡಿಸ್ಕೊಂಡು ಹೋದ್ರ ಸರ್ವೆ ನಂಬರ್ ಈಗಿನ ಪಹಣಿಗೆ ತಾಳೆ ಆಗೂದಿಲ್ಲ ಅಂತಾರ, ಅಷ್ಟೊತ್ತಿಗೆ ಕುಂತಿದ್ದ ಸಾಹೇಬರ ವರ್ಗ ಆಗಿರ್ತೈತಿ, ಹೊಸಬರು ಬೆಂಗಳೂರು ಕಡೆಯವ್ರು ಬಂದು "ಉರ್ದು ಯಾಕಿದೆ ಇಲ್ಲಿ?" ಅಂತ ನನ್ನ ಕೇಳ್ತಾರ. ನಾನೇನ್ರೀ ನಿಜಾಮನ ದಿವಾನನಾ?

ಇಷ್ಟೆಲ್ಲಾ ಆಗಿ "371 ಜೆ ಐತಲ್ಲ, ಆರಾಮ್ ಸೀಟು ಸಿಗ್ತಾವ" ಅಂತ ನೀವೇ ಚಾಷ್ಟಿ ಮಾಡ್ತೀರಿ. ನಮ್ಮ ಹೈದರಾಬಾದ್ ಕರ್ನಾಟಕದವ್ರಿಗೆ ಸೀಟು, ನೌಕರಿ ಮೀಸಲಿಡೋ ಸಂವಿಧಾನದ ಕಲಂ ಅದು. ದೇಶಕ್ಕ 1947ರಾಗ ಸ್ವಾತಂತ್ರ್ಯ ಬಂತು, ನಮಗ ನಿಜಾಮನ ಆಳ್ವಿಕೆ ಮುಗಿಯಾಕ 1948ರ ಸೆಪ್ಟೆಂಬರ್ 17 ಬರಬೇಕಾತು, ಮುಂದ ಕನ್ನಡನಾಡು ಸೇರಾಕ ಮತ್ತ ಎಂಟು ವರ್ಷ. ಆ ತಡ ಆದದ್ದರ ಬಾಕಿ ಅದು, ಯಾರೋ ಕೊಟ್ಟ ದಾನ ಅಲ್ಲ. ಅಷ್ಟು ಕಾದು ಕನ್ನಡದವ್ರಾದ್ವಿ, ಮತ್ತ ಈಗಲೂ ನೀವು ಫೋನ್ ಮಾಡಿದ್ರ "ನಿಮ್ಮ ಕಡೆ ಕನ್ನಡ ನಡೆಯುತ್ತಾ?"

ಸ್ಮಾರಕ ಮಾಡ್ರಿ, ಬ್ಯಾಡ ಅನ್ನೂದಿಲ್ಲ, ಅಡಿಗಲ್ಲಿನ ಕಥಿ ಬರೆದು ಡ್ಯಾಮಿನ ಹತ್ರ ದೊಡ್ಡ ಬೋರ್ಡ್ ಹಾಕ್ರಿ. ಮೊದ್ಲು ಆ ಉರ್ದು ದಫ್ತರ ಪೂರಾ ಸ್ಕ್ಯಾನ್ ಮಾಡಿ ಸರ್ಕಾರನ ಕನ್ನಡ ಮಾಡಿ ಸಹಿ ಹಾಕಿ ಕೊಡಲಿ, ಬೋರ್ಡಿಗೆ ಬೇಕಾದ್ರ ನಾನು ಚಂದಾ ಕೊಡ್ತೀನಿ.