ಮಗಳಿಗೆ ರೊಟ್ಟಿಯ ಲೆಕ್ಕ ಕೇಳಿ

ಗದಗದ ಓದುಗರೊಬ್ಬರ ಪತ್ರ: "ಮಗಳು ಬೆಂಗಳೂರಿನ ಒಳ್ಳೆ ಕೆಲಸ ಬಿಟ್ಟು ಬಂದಿದ್ದಾಳೆ. ಹಳ್ಳಿಯ ಹೆಣ್ಣುಮಕ್ಕಳು ತಟ್ಟುವ ಜೋಳದ ರೊಟ್ಟಿಯನ್ನು ಪಟ್ಟಣದಲ್ಲಿ ಮಾರುವ ಕಂಪನಿ ಕಟ್ಟುತ್ತಾಳಂತೆ. ಸೇವೆ ಮಾಡಬೇಕಂದ್ರೆ ಸಂಬಳದಲ್ಲಿ ದಾನ ಕೊಡಬಹುದಲ್ವಾ? ಜನರ ಕಷ್ಟ ನೀಗಿಸಲೆಂದೇ ವ್ಯಾಪಾರಕ್ಕಿಳಿಯುವ ಈ ಸಾಮಾಜಿಕ ಉದ್ಯಮಿಗಳನ್ನು ನಿಜಕ್ಕೂ ಎಳೆಯುವುದು ಏನು? ಹೆಸರಿನ ಆಸೆಯೇ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಕಾಣುತ್ತದೆ. ನಾನೂ ಮಕ್ಕಳನ್ನು ಬೆಳೆಸಿದವನು, ಆ ಭಯ ಗೊತ್ತು.

ಮದುರೆಯ ಡಾ. ಜಿ. ವೆಂಕಟಸ್ವಾಮಿಯವರ ಬಗ್ಗೆ ಕೇಳಿರಬಹುದು. ಅವರು ಚಿಕ್ಕವರಿದ್ದಾಗ ಬಳಗದ ಮೂವರು ಹೆಣ್ಣುಮಕ್ಕಳು ಹೆರಿಗೆಯಲ್ಲಿ ತೀರಿಕೊಂಡರು. ಹತ್ತಿರದಲ್ಲಿ ವೈದ್ಯರಿರಲಿಲ್ಲ. ಹೆರಿಗೆ ಡಾಕ್ಟರಾಗಬೇಕೆಂದು ಹುಡುಗ ಅಂದೇ ಹಟ ತೊಟ್ಟ. ಓದಿ ಡಾಕ್ಟರೂ ಆದರು. ಆದರೆ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾದವು. ಹೆರಿಗೆ ಮಾಡಿಸುವ ಕನಸು ಅಲ್ಲಿಗೆ ಮುಗಿಯಿತು. ಅವರು ಸುಮ್ನೆ ಕೂರಲಿಲ್ಲ. ಕಣ್ಣಿನ ವೈದ್ಯಕೀಯ ಕಲಿತರು, ಅದೇ ಸೊಟ್ಟ ಬೆರಳುಗಳಲ್ಲಿ ಕತ್ತರಿ ಹಿಡಿಯುವುದನ್ನು ರೂಢಿಸಿಕೊಂಡರು, ಸಾವಿರಾರು ಜನರ ಕಣ್ಣಿನ ಪೊರೆ ತೆಗೆದರು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಮನೆ ಅಡವಿಟ್ಟು 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಕೊಡಬಲ್ಲವರು ದುಡ್ಡು ಕೊಡುತ್ತಾರೆ, ಆ ದುಡ್ಡಿನಲ್ಲೇ ಇಲ್ಲದವರಿಗೂ ಆಪರೇಷನ್ ಆಗುತ್ತದೆ. ಪೊರೆ ತೆಗೆದ ಕಣ್ಣಿಗೆ ಹಾಕುವ ಹೊರದೇಶದ ಲೆನ್ಸ್ ದುಬಾರಿಯೆಂದು 1992ರಲ್ಲಿ ಆಸ್ಪತ್ರೆಯದೇ ಅರೋಲ್ಯಾಬ್ ಕಾರ್ಖಾನೆ ಶುರುವಾಗಿ ಲೆನ್ಸನ್ನು ಮದುರೆಯಲ್ಲೇ ಮಾಡತೊಡಗಿತು. ಆಸ್ಪತ್ರೆ ತೆರೆದಾಗ ಅವರ ವಯಸ್ಸು 58. ಹೆಸರಿಗಾಗಿ ಆ ವಯಸ್ಸಿನಲ್ಲಿ ಯಾರಾದರೂ ಇರುವ ಮನೆ ಅಡವಿಡುತ್ತಾರೆಯೇ?

ಮುಹಮ್ಮದ್ ಯೂನುಸ್ ಅವರನ್ನು ಎಳೆದದ್ದು ನಾಚಿಕೆ. 1974ರ ಬರಗಾಲದಲ್ಲಿ ಬಾಂಗ್ಲಾದೇಶದ ಜನ ಹಸಿದು ಸಾಯುತ್ತಿದ್ದರು, ಯೂನುಸ್ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ಪಕ್ಕದ ಜೋಬ್ರಾ ಹಳ್ಳಿಗೆ ಹೋಗಿ ವಿಚಾರಿಸಿದರೆ, ಸಾಹುಕಾರರ ಹಿಡಿತದಲ್ಲಿದ್ದ 42 ಜನರ ಸಾಲ ಎಲ್ಲಾ ಸೇರಿ 856 ಟಾಕಾ! ಅದನ್ನು ಜೇಬಿನಿಂದಲೇ ಕೊಟ್ಟರು. ನಾಳೆ ಇನ್ನೂ 42 ಜನ ಬಂದರೆ? ಆ ಪ್ರಶ್ನೆಯಿಂದ ಬಡವರಿಗೆ ಸಣ್ಣ ಸಾಲ ಕೊಡುವ ಅಲ್ಲಿನ ಗ್ರಾಮೀಣ ಬ್ಯಾಂಕ್ ಹುಟ್ಟಿತು, 1983ರಲ್ಲಿ.

ದಾನದ ಬಗ್ಗೆ ನೀವು ಕೇಳಿದ್ದಕ್ಕೂ ಉತ್ತರ ಇಲ್ಲೇ ಇದೆ ಅನಿಸುತ್ತದೆ. ದಾನ ಒಳ್ಳೆಯದೇ. ಆದರೆ ಕೊಡುವವರ ಕೈ ಸೋತ ದಿನ ಅದು ನಿಲ್ಲುತ್ತದೆ. ಪಡೆಯುವವರು ಬೆಲೆ ಕೇಳುವ, ಬೇಡ ಎನ್ನುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ನಮ್ಮ ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಕಟ್ಟಲು ಜೊತೆಯಾದಾಗ ಬಡವರಿಗೆ ಸೋಲಾರ್ ದೀಪ ಹಂಚಲಿಲ್ಲ, ಮಾರಿದರು. ಬ್ಯಾಂಕಿನಿಂದ ಸಾಲ ಸಿಗುವಂತೆ ಓಡಾಡಿದರು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಆದರೆ ಕಟ್ಟಬಲ್ಲೆ ಎನ್ನುತ್ತಾನೆ. ಈ ಲೆಕ್ಕ ಅವನ ಬಾಯಿಂದಲೇ ಬರಬೇಕು. ಕರಾವಳಿಯ ಹಿರಿಯರಿಗೆ ಇದು ಹೊಸದೇನಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಶುರುಮಾಡಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಉಳಿತಾಯ ಕಟ್ಟಿಸಿಕೊಳ್ಳುತ್ತಿತ್ತು. ಸಾಮಾಜಿಕ ಉದ್ಯಮಿ ಎಂಬ ಮಾತು ಆಗ ಇನ್ನೂ ನಮ್ಮಲ್ಲಿ ಬಂದಿರಲಿಲ್ಲ.

ಹೆಸರಿನ ಆಸೆಗೆ ಬರುವವರೂ ಇದ್ದಾರೆ, ಇಲ್ಲವೆನ್ನಲಾರೆ. ಅವರು ಸಾಮಾನ್ಯವಾಗಿ ಜನರ ಕಷ್ಟಕ್ಕಿಂತ ತಮ್ಮ ಯೋಜನೆಯ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಒಂದು ಕಷ್ಟವನ್ನು ಹತ್ತಿರದಿಂದ ಕಂಡು, "ಇದು ಆಗೋ ಕೆಲಸ, ಯಾಕೆ ಆಗ್ತಿಲ್ಲ?" ಎಂದು ನಿದ್ದೆಗೆಟ್ಟವರೇ ಕೊನೆತನಕ ಉಳಿಯುತ್ತಾರೆ ಎಂಬುದು ನನ್ನ ನಂಬಿಕೆ.

ಹಾಗಾಗಿ ಮಗಳ ಜೊತೆ ವಾದ ಬೇಡ. ಊಟಕ್ಕೆ ಕೂತಾಗ ಕೇಳಿ: ಒಂದು ರೊಟ್ಟಿಗೆ ತಟ್ಟಿದವಳ ಕೈಗೆ ಈಗ ಎಷ್ಟು ಬರುತ್ತದೆ? ಜೋಳ, ಉರುವಲು, ಬಸ್ ಖರ್ಚು ಕಳೆದರೆ ಎಷ್ಟು ಉಳಿಯುತ್ತದೆ? ಮೊದಲು ಯಾರ ಮನೆಯಲ್ಲಿ ನಿನಗೆ ಹೀಗನಿಸಿತು? ತಡವರಿಸಿದರೆ, ಇನ್ನೊಂದಾರು ತಿಂಗಳು ಓಡಾಡು ಎನ್ನಿ. ಥಟ್ಟನೆ ಉತ್ತರ ಬಂದರೆ, ಅವಳ ಜೊತೆ ಆ ಮನೆಗೆ ನೀವೂ ಒಮ್ಮೆ ಹೋಗಿ, ಒಲೆಯ ಮುಂದೆ ಕೂತು ಬನ್ನಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.